ಅರ್ಧ ಗಂಟೆಯ ಗಡುವು, ಇಡೀ ದಿನದ ಊಟ

ಭಾರ ಎತ್ತುವ ವ್ಯಾಯಾಮ ಮುಗಿಸಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಹೊಟ್ಟೆಗೆ ಬೀಳದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂಬ ಮಾತು ಬೆಂಗಳೂರಿನ ದೊಡ್ಡ ಜಿಮ್‌ಗಳಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರು ಅಂಗಡಿಗಳ ಮೇಲ್ಮಹಡಿಯಲ್ಲಿ ತೆರೆದಿರುವ ಜಿಮ್‌ಗಳಲ್ಲೂ ಕೇಳಿಬರುತ್ತದೆ. ಕೊನೆಯ ಸೆಟ್ ಮುಗಿದ ಕೂಡಲೇ ಹುಡುಗರು ಶೇಕರ್ ಹುಡುಕುತ್ತಾರೆ. ಮನೆ ಸೇರುವುದು ತಡವಾದರೆ ಆ ದಿನದ ಫಲ ಕೈಜಾರಿತೆಂದು ಕಳವಳಪಡುವವರಿದ್ದಾರೆ. ಇದರ ಜೊತೆಯಲ್ಲೇ ಇನ್ನೊಂದು ನಂಬಿಕೆಯೂ ನಡೆದುಬಂದಿದೆ: ರಾತ್ರಿ ಎಂಟರ ಮೇಲೆ ಅನ್ನ ಉಂಡರೆ ಅದು ಬೊಜ್ಜಾಗಿಯೇ ಕೂರುತ್ತದೆ. ಮೈಯಲ್ಲಿ ಸ್ನಾಯು ಎಷ್ಟಿರಬೇಕು, ಕೊಬ್ಬು ಎಷ್ಟಿರಬೇಕು ಎಂಬುದನ್ನು ಗಡಿಯಾರವೇ ತೀರ್ಮಾನಿಸುತ್ತದೆ ಎಂಬ ಗ್ರಹಿಕೆ ಎರಡರ ಹಿಂದೆಯೂ ಇದೆ. ಗಡಿಯಾರಕ್ಕೆ ಒಂದು ಪಾತ್ರ ಇದೆ, ನಿಜ. ಅದು ಚಿಕ್ಕದು. ಅದಕ್ಕೆ ನಾವು ಕೊಟ್ಟಿರುವ ಮಹತ್ವದಿಂದಾಗಿ ನಮ್ಮ ತಟ್ಟೆಯಲ್ಲಿರುವ ದೊಡ್ಡ ಕೊರತೆಯೊಂದು ಕಣ್ಣಿಗೆ ಬೀಳದೆ ಹೋಗಿದೆ ಎಂಬುದು ನನ್ನ ವಾದ.

ನಂಬಿಕೆಗೆ ಬುಡವೇ ಇಲ್ಲ ಎಂದೇನಲ್ಲ. ಭಾರ ಎತ್ತಿದಾಗ ಸ್ನಾಯುವಿನೊಳಗೆ ಎರಡು ಕೆಲಸಗಳು ಒಟ್ಟಿಗೆ ಚುರುಕಾಗುತ್ತವೆ. ಹಳೆಯ ಪ್ರೋಟೀನ್ ಒಡೆಯುತ್ತದೆ, ಹೊಸದು ಕಟ್ಟಿಕೊಳ್ಳುತ್ತದೆ. 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್‌ನಲ್ಲಿ ನಡೆದ ಪ್ರಯೋಗಗಳು ಇದನ್ನು ಅಳೆದು ತೋರಿಸಿದವು. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದವರಲ್ಲಿ ಕಟ್ಟುವ ಕೆಲಸ ಎಷ್ಟೇ ಹೆಚ್ಚಿದರೂ ಒಡೆಯುವುದೇ ಮೇಲುಗೈ ಸಾಧಿಸುತ್ತಿತ್ತು. ಆಹಾರದಿಂದ ಅಮೈನೋ ಆಮ್ಲಗಳು ರಕ್ತಕ್ಕೆ ಬಂದ ಮೇಲಷ್ಟೇ ಲೆಕ್ಕ ಲಾಭದ ಕಡೆಗೆ ತಿರುಗುತ್ತಿತ್ತು. 1988ರಲ್ಲಿ ಅದೇ ರಾಜ್ಯದ ಆಸ್ಟಿನ್‌ನಲ್ಲಿ ಜಾನ್ ಐವಿ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಕಂಡುಕೊಂಡಿದ್ದರು. ಬೆವರಿಳಿಯುವಂತೆ ಸೈಕಲ್ ತುಳಿದವರಿಗೆ ಪಿಷ್ಟದ ಆಹಾರವನ್ನು ಕೂಡಲೇ ಕೊಡದೆ ಎರಡು ಗಂಟೆ ತಡಮಾಡಿ ಕೊಟ್ಟರೆ, ಸ್ನಾಯು ತನ್ನ ಇಂಧನವಾದ ಗ್ಲೈಕೋಜನ್ ತುಂಬಿಕೊಳ್ಳುವ ವೇಗ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತಿತ್ತು. ವ್ಯಾಯಾಮದ ನಂತರ ಬಾಗಿಲೊಂದು ತೆರೆದಿರುತ್ತದೆ, ಸ್ವಲ್ಪ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ ಎಂಬ ವಿಚಾರ ಇಂಥ ಕೆಲಸಗಳಿಂದ ಹುಟ್ಟಿತು. 2004ರಲ್ಲಿ ಐವಿ ಮತ್ತು ರಾಬರ್ಟ್ ಪೋರ್ಟ್‌ಮನ್ ಬರೆದ ‘ನ್ಯೂಟ್ರಿಯೆಂಟ್ ಟೈಮಿಂಗ್’ ಪುಸ್ತಕ ಅದನ್ನು ಪ್ರಯೋಗಾಲಯದಿಂದ ಆಟದ ಮೈದಾನಕ್ಕೂ ಅಲ್ಲಿಂದ ಅಂಗಡಿಗೂ ದಾಟಿಸಿತು.

ಈ ವಿಚಾರಕ್ಕೆ ದೊಡ್ಡ ಬಲ ಕೊಟ್ಟದ್ದು 2001ರಲ್ಲಿ ಪ್ರಕಟವಾದ ಕೋಪನ್‌ಹೇಗನ್ನಿನ ಅಧ್ಯಯನ. ಎಪ್ಪತ್ತು ದಾಟಿದ 13 ಮಂದಿ ಹಿರಿಯರು ಹನ್ನೆರಡು ವಾರ, ವಾರಕ್ಕೆ ಮೂರು ಸಲ ಭಾರ ಎತ್ತಿದರು. ಎಲ್ಲರಿಗೂ ಒಂದೇ ಪೇಯ, ಅದರಲ್ಲಿ 10 ಗ್ರಾಂ ಪ್ರೋಟೀನ್. ಅರ್ಧದಷ್ಟು ಜನ ಅದನ್ನು ಕೂಡಲೇ ಕುಡಿದರು, ಉಳಿದವರು ಎರಡು ಗಂಟೆ ಬಿಟ್ಟು ಕುಡಿದರು. ಕೂಡಲೇ ಕುಡಿದವರ ತೊಡೆಯ ಸ್ನಾಯು ದಪ್ಪವಾಯಿತು, ತಡಮಾಡಿದವರದು ಆಗಲಿಲ್ಲ. ಎರಡು ಗಂಟೆಯಲ್ಲಿ ಇಷ್ಟೊಂದು ಅಂತರ ಎಂದು ಓದಿದ ಯಾರಿಗಾದರೂ ಶೇಕರ್ ಕೈಗೆತ್ತಿಕೊಳ್ಳಬೇಕೆನಿಸುವುದು ಸಹಜ.

ಆದರೆ ಆ ಫಲಿತಾಂಶವನ್ನು ಇನ್ನೊಮ್ಮೆ ನಿಧಾನವಾಗಿ ನೋಡಬೇಕು. ತಡವಾಗಿ ಕುಡಿದವರ ಸ್ನಾಯು ಹನ್ನೆರಡು ವಾರದ ವ್ಯಾಯಾಮದ ನಂತರವೂ ಬೆಳೆಯಲೇ ಇಲ್ಲ ಎಂಬುದೇ ವಿಚಿತ್ರ. ಯಾವ ಪೇಯವನ್ನೂ ಕುಡಿಯದೆ ಭಾರ ಎತ್ತಿದ ಹಿರಿಯರಲ್ಲಿಯೂ ಸ್ನಾಯು ಬೆಳೆದ ಅಧ್ಯಯನಗಳು ಬೇಕಾದಷ್ಟಿವೆ. ಹಾಗಿದ್ದ ಮೇಲೆ ಪ್ರೋಟೀನನ್ನು ಎರಡು ಗಂಟೆ ತಡವಾಗಿ ಕುಡಿಯುವುದು ಕುಡಿಯದೇ ಇರುವುದಕ್ಕಿಂತ ಕೆಟ್ಟದ್ದೆಂದು ಒಪ್ಪಬೇಕಾಗುತ್ತದೆ. ಅದನ್ನು ಒಪ್ಪಲು ಕಾರಣ ಕಾಣುವುದಿಲ್ಲ. ಆರೇಳು ಮಂದಿಯ ಗುಂಪಿನಲ್ಲಿ ಒಬ್ಬಿಬ್ಬರ ಮೈ ಸ್ಪಂದಿಸದಿದ್ದರೂ ಸರಾಸರಿ ಕುಸಿಯುತ್ತದೆ. 2009ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನ ಸಂಶೋಧಕರು ಸುಮಾರು ಎಪ್ಪತ್ತರ ಪ್ರಾಯದವರ ಮೇಲೆಯೇ ಹನ್ನೆರಡು ವಾರದ ಪ್ರಯೋಗ ನಡೆಸಿದರು. ವ್ಯಾಯಾಮಕ್ಕೆ ಮುಂಚೆ, ಆಮೇಲೆ ಎಂದು ಪ್ರೋಟೀನ್ ಕುಡಿದವರಿಗೂ ಬರೀ ಸಪ್ಪೆ ಪೇಯ ಕುಡಿದವರಿಗೂ ಸ್ನಾಯುವಿನ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸಮಯದ ಪರವಾಗಿ ನಿಲ್ಲುವ ಇನ್ನೊಂದು ಅಧ್ಯಯನವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಕ್ರಿಬ್ ಮತ್ತು ಹೇಯ್ಸ್ ಪ್ರಕಟಿಸಿದ ಕೆಲಸ ಅದು. ಪ್ರೋಟೀನ್, ಗ್ಲೂಕೋಸ್, ಕ್ರಿಯಾಟಿನ್ ಬೆರೆತ ಒಂದೇ ಮಿಶ್ರಣವನ್ನು ಒಂದು ಗುಂಪು ವ್ಯಾಯಾಮದ ಆಚೀಚೆ ತೆಗೆದುಕೊಂಡಿತು, ಇನ್ನೊಂದು ಗುಂಪು ಅಷ್ಟೇ ಪ್ರಮಾಣವನ್ನು ಬೆಳಗ್ಗೆ ಮತ್ತು ತಡರಾತ್ರಿ ತೆಗೆದುಕೊಂಡಿತು. ಹತ್ತು ವಾರಗಳ ನಂತರ ಮೊದಲ ಗುಂಪು ಹೆಚ್ಚು ಸ್ನಾಯು ಗಳಿಸಿತ್ತು. ಎರಡೂ ಗುಂಪಿನ ಒಟ್ಟು ಪ್ರಮಾಣ ಸಮನಾಗಿದ್ದರಿಂದ ಇದು ಪ್ರಾಮಾಣಿಕ ಹೋಲಿಕೆಯೇ. ಆದರೆ 2009ರಲ್ಲಿ ಅಮೆರಿಕದಲ್ಲಿ ಜೇ ಹಾಫ್‌ಮನ್ ತಂಡ ಪ್ರೋಟೀನ್ ಒಂದನ್ನೇ ಇಟ್ಟುಕೊಂಡು, ಹತ್ತು ವಾರಗಳ ಕಾಲ, ಪಳಗಿದ ಗಂಡಸರ ಮೇಲೆ ಇದೇ ಬಗೆಯ ಹೋಲಿಕೆ ನಡೆಸಿದಾಗ ಅಂತರ ಸಿಗಲಿಲ್ಲ.

2013ರಲ್ಲಿ ಬ್ರಾಡ್ ಶೋನ್‌ಫೆಲ್ಡ್, ಅಲನ್ ಆರಗಾನ್, ಜೇಮ್ಸ್ ಕ್ರೀಗರ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಅಳೆದರು. ಸ್ನಾಯುವಿನ ಗಾತ್ರದ ಮೇಲೆ 23 ಅಧ್ಯಯನಗಳು, 525 ಮಂದಿ. ಮೇಲ್ನೋಟಕ್ಕೆ ವ್ಯಾಯಾಮದ ಸಮೀಪದಲ್ಲಿ ಪ್ರೋಟೀನ್ ತಿಂದವರಿಗೆ ಅಲ್ಪ ಲಾಭ ಕಂಡಿತು. ಆದರೆ ಆ ಅಧ್ಯಯನಗಳಲ್ಲಿ ಬಹಳಷ್ಟರ ವಿನ್ಯಾಸದಲ್ಲೇ ಒಂದು ತೊಡಕಿತ್ತು. ಸರಿಯಾದ ಹೊತ್ತಿಗೆ ಪ್ರೋಟೀನ್ ಕೊಟ್ಟ ಗುಂಪನ್ನು ಅವರು ಹೋಲಿಸಿದ್ದು ಬೇರೆ ಹೊತ್ತಿಗೆ ಅಷ್ಟೇ ಪ್ರೋಟೀನ್ ತಿಂದವರ ಜೊತೆಗಲ್ಲ, ಆ ಪ್ರೋಟೀನನ್ನೇ ಪಡೆಯದವರ ಜೊತೆಗೆ. ಹೀಗಾಗಿ ಒಂದು ಗುಂಪು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸರಾಸರಿ 1.66 ಗ್ರಾಂ ತಿಂದರೆ ಇನ್ನೊಂದು 1.33 ಗ್ರಾಂ ತಿನ್ನುತ್ತಿತ್ತು. ಈ ಒಟ್ಟು ಮೊತ್ತದ ಅಂತರವನ್ನು ಲೆಕ್ಕದಲ್ಲಿ ಸರಿದೂಗಿಸಿದ ಕೂಡಲೇ ಸಮಯದ ಲಾಭ ಮಾಯವಾಯಿತು. ಫಲ ಕೊಟ್ಟದ್ದು ಹೊತ್ತಲ್ಲ, ಹೆಚ್ಚಿಗೆ ತಿಂದ ಪ್ರೋಟೀನ್. 2017ರಲ್ಲಿ ಅದೇ ಶೋನ್‌ಫೆಲ್ಡ್ ನೇರ ಪ್ರಯೋಗವನ್ನೂ ನಡೆಸಿದರು. ಪಳಗಿದ 21 ಗಂಡಸರಲ್ಲಿ ಕೆಲವರು 25 ಗ್ರಾಂ ಪ್ರೋಟೀನನ್ನು ವ್ಯಾಯಾಮಕ್ಕೆ ಮುಂಚೆ, ಉಳಿದವರು ವ್ಯಾಯಾಮದ ನಂತರ ಹತ್ತು ವಾರ ತೆಗೆದುಕೊಂಡರು. ಸ್ನಾಯುವಿನ ದಪ್ಪ, ಶಕ್ತಿ, ಮೈಕೊಬ್ಬು ಯಾವುದರಲ್ಲೂ ಗಣನೀಯ ವ್ಯತ್ಯಾಸ ಬರಲಿಲ್ಲ.

ಕಾರಣ ಸ್ನಾಯುವಿನ ಸ್ವಭಾವದಲ್ಲೇ ಇದೆ. 1997ರಲ್ಲಿ ಸ್ಟುವರ್ಟ್ ಫಿಲಿಪ್ಸ್ ಮತ್ತು ಸಂಗಡಿಗರು ಒಂದು ಸಲದ ವ್ಯಾಯಾಮದ ನಂತರ ಸ್ನಾಯು ಪ್ರೋಟೀನ್ ಕಟ್ಟುವ ವೇಗವನ್ನು ಎರಡು ದಿನ ಹಿಂಬಾಲಿಸಿದರು. ಮೂರನೆಯ ಗಂಟೆಯಲ್ಲಿ ಅದು ಎರಡು ಪಟ್ಟು ದಾಟಿತ್ತು, ಒಂದು ದಿನದ ನಂತರವೂ ಸುಮಾರು ಶೇ. 65ರಷ್ಟು ಹೆಚ್ಚಿತ್ತು, 48 ಗಂಟೆಗಳಲ್ಲೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. 2011ರ ಇನ್ನೊಂದು ಪ್ರಯೋಗದಲ್ಲಿ ವ್ಯಾಯಾಮದ ಮಾರನೆಯ ದಿನ ತಿಂದ ಪ್ರೋಟೀನಿಗೂ ಸ್ನಾಯು ಹೆಚ್ಚು ಚುರುಕಾಗಿ ಸ್ಪಂದಿಸಿತು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಒಳ್ಳೆಯ ಮಳೆ ಬಿದ್ದರೆ ಹದ ದಿನಗಟ್ಟಲೆ ನಿಲ್ಲುತ್ತದೆ. ಮಳೆ ನಿಂತ ಅರ್ಧ ಗಂಟೆಯಲ್ಲಿ ಬಿತ್ತನೆ ಮುಗಿಸಬೇಕೆಂದು ಯಾವ ರೈತನೂ ಓಡುವುದಿಲ್ಲ, ಆದರೆ ಚೀಲದಲ್ಲಿ ಸಾಕಷ್ಟು ಬೀಜ ಇದೆಯೇ ಎಂದು ನೋಡಿಕೊಳ್ಳುತ್ತಾನೆ. ಭಾರ ಎತ್ತಿದ ಸ್ನಾಯುವಿನ ಹದವೂ ಹಾಗೆಯೇ.

ಅದೂ ಅಲ್ಲದೆ ವ್ಯಾಯಾಮಕ್ಕೆ ಎರಡು ಗಂಟೆ ಮುಂಚೆ ಉಂಡ ಊಟ ವ್ಯಾಯಾಮ ಮುಗಿಯುವ ಹೊತ್ತಿಗೆ ಕರಗಿ ಹೋಗಿರುವುದಿಲ್ಲ. ಅನ್ನ, ಬೇಳೆ, ಮೊಸರಿನ ಊಟ ಗಂಟೆಗಟ್ಟಲೆ ಜೀರ್ಣವಾಗುತ್ತ ಅಮೈನೋ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಎರಡು ಗಂಟೆಗೆ ಊಟ ಮಾಡಿ ಐದಕ್ಕೆ ಜಿಮ್‌ಗೆ ಹೋದವರಿಗೆ ಆ ಊಟವೇ ವ್ಯಾಯಾಮದ ನಂತರದ ಊಟವೂ ಆಗುತ್ತದೆ. ಎಂಟಕ್ಕೆ ಮತ್ತೆ ಉಂಡರೆ ಸಾಕು. ಗ್ಲೈಕೋಜನ್ ವಿಷಯವೂ ಅಷ್ಟೇ. ಅರ್ಧ ದಿನ ಕಳೆಯುವುದರೊಳಗೆ ತಡವಾಗಿ ತಿಂದವರೂ ಮೊದಲೇ ತಿಂದವರನ್ನು ಸರಿಗಟ್ಟುತ್ತಾರೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮೈದಾನಕ್ಕಿಳಿಯುವ ಕಬಡ್ಡಿ ಆಟಗಾರನಿಗೆ ಈ ಆತುರ ಬೇಕು. ದಿನಕ್ಕೊಮ್ಮೆ ಜಿಮ್‌ಗೆ ಹೋಗಿ ಬರುವವರಿಗೆ ಬೇಡ.

ಇಲ್ಲಿಯವರೆಗಿನ ಮಾತು ಪಶ್ಚಿಮದ ದೇಶಗಳ ಪ್ರಯೋಗಗಳದ್ದು. ಅದನ್ನು ನಮ್ಮ ಮನೆಯ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದಾಗ ನಿಜವಾದ ಪ್ರಶ್ನೆ ಏಳುತ್ತದೆ. ಸುಮಾರು 65 ಕಿಲೋ ತೂಕದ, ಸಸ್ಯಾಹಾರಿ ಯುವಕನೊಬ್ಬನ ದಿನವನ್ನು ಲೆಕ್ಕ ಹಾಕೋಣ. ಬೆಳಗ್ಗೆ 75 ಗ್ರಾಂ ಆಸುಪಾಸಿನ ರವೆಯ ಉಪ್ಪಿಟ್ಟು, ಒಂದು ಲೋಟ ಕಾಫಿ: ಹೆಚ್ಚೆಂದರೆ 11 ಗ್ರಾಂ ಪ್ರೋಟೀನ್. ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನ, ತನ್ನ ಪಾಲಿಗೆ ಬಂದ 30 ಗ್ರಾಂ ಬೇಳೆಯ ಹುಳಿ, ಒಂದಿಷ್ಟು ಮಜ್ಜಿಗೆ: 18 ಗ್ರಾಂ. ಸಂಜೆ ಕಾಫಿ, ಬಿಸ್ಕತ್ತು: ನಾಲ್ಕು. ರಾತ್ರಿ ಮೂರು ಚಪಾತಿ, ಪಲ್ಯ, ಒಂದು ಬಟ್ಟಲು ಮೊಸರು: 15. ಎಲ್ಲ ಕೂಡಿಸಿದರೆ 50ರ ಒಳಗೆ. ಭಾರ ಎತ್ತದೆ ಕುಳಿತು ಕೆಲಸ ಮಾಡುವ ಅಷ್ಟೇ ತೂಕದ ಗಂಡಸಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿದ್ದು ದಿನಕ್ಕೆ 54 ಗ್ರಾಂ. ಇತ್ತ 2018ರಲ್ಲಿ 49 ಅಧ್ಯಯನಗಳನ್ನು ಕಲೆಹಾಕಿದ ವಿಶ್ಲೇಷಣೆಯ ಪ್ರಕಾರ ಭಾರ ಎತ್ತುವವರಿಗೆ ಪ್ರೋಟೀನಿನ ಲಾಭ ಹೆಚ್ಚುತ್ತಾ ಹೋಗಿ ನಿಲ್ಲುವುದು ಕಿಲೋಗೆ ಸುಮಾರು 1.6 ಗ್ರಾಂ ಮುಟ್ಟಿದಾಗ. ಈ ಯುವಕನಿಗೆ ಅದು 104 ಗ್ರಾಂ. ಅವನು ತಿನ್ನುತ್ತಿರುವುದು ಅದರ ಅರ್ಧ.

ಪ್ರಮಾಣದ ಜೊತೆಗೆ ಗುಣದ ಮಾತೂ ಇದೆ. ಅಕ್ಕಿ, ಗೋಧಿ, ಜೋಳ ಮೊದಲಾದ ಧಾನ್ಯಗಳಲ್ಲಿ ಲೈಸೀನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ. 1985ರ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ವಯಸ್ಕರಿಗೆ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಲೈಸೀನ್ ಸಾಕಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಭಾರತೀಯರ ಮೇಲೆಯೇ ನಡೆಸಿದ ಅಳತೆಗಳು ಅಗತ್ಯ ಅದಕ್ಕಿಂತ ಎರಡೂವರೆ ಪಟ್ಟು, ಸುಮಾರು 30 ಮಿಲಿಗ್ರಾಂ ಎಂದು ತೋರಿಸಿದವು. 2007ರ ಅಂತರರಾಷ್ಟ್ರೀಯ ವರದಿ ಆ ಮಟ್ಟವನ್ನೇ ಒಪ್ಪಿಕೊಂಡಿತು. ಅನ್ನದ ರಾಶಿಯ ಮೇಲೆ ತಿಳಿಸಾರು ಸುರಿದುಕೊಂಡರೆ ಈ ಕೊರತೆ ತುಂಬುವುದಿಲ್ಲ. ಬೇಳೆ, ಕಾಳುಗಳಲ್ಲಿ ಲೈಸೀನ್ ಧಾರಾಳವಾಗಿದೆ. ಹುರುಳಿಯನ್ನು ಬಸಿದ ಕಟ್ಟಿನ ಸಾರು ಎಷ್ಟು ರುಚಿಯೋ ಬಸಿದ ಕಾಳಿನ ಪಲ್ಯ ಅಷ್ಟೇ ಮುಖ್ಯ, ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ.

ಈಗ ಶೇಕರಿನ ಕಡೆಗೆ ಹಿಂತಿರುಗಿ ನೋಡಿ. ದಿನಕ್ಕೆ 50 ಗ್ರಾಂ ತಿನ್ನುವವನು ಜಿಮ್ ಮುಗಿಸಿ ಒಂದು ಚಮಚೆ ವೇ ಪುಡಿ ಕುಡಿದರೆ ಇಪ್ಪತ್ತು, ಇಪ್ಪತ್ನಾಲ್ಕು ಗ್ರಾಂ ಒಮ್ಮೆಲೇ ಸೇರುತ್ತದೆ. ಅವನ ಪ್ರೋಟೀನ್ ಅರ್ಧದಷ್ಟು ಹೆಚ್ಚಿತು. ಮೂರು ತಿಂಗಳಲ್ಲಿ ತೋಳು ತುಂಬಿಕೊಳ್ಳುತ್ತದೆ. ಅವನು ಅದರ ಶ್ರೇಯಸ್ಸನ್ನು ಅರ್ಧ ಗಂಟೆಯ ಶಿಸ್ತಿಗೆ ಕೊಡುತ್ತಾನೆ, ಟ್ರೈನರ್ ಕೂಡ ಹಾಗೆಯೇ ಹೇಳುತ್ತಾರೆ. ಪ್ರಯೋಗಾಲಯಗಳಲ್ಲಿ ನಡೆದ ತಪ್ಪೇ ನಮ್ಮ ಜಿಮ್‌ಗಳಲ್ಲಿ ಪ್ರತಿದಿನ ನಡೆಯುತ್ತಿದೆ: ಹೆಚ್ಚು ತಿಂದದ್ದರ ಫಲ, ಬೇಗ ತಿಂದದ್ದರ ಹೆಸರಿಗೆ ಹೋಗುತ್ತಿದೆ. ಇದರಿಂದಾಗುವ ಹಾನಿ ಸಣ್ಣದಲ್ಲ. ಪುಡಿ ಕೊಳ್ಳಲಾಗದ ಹುಡುಗ ತನಗೆ ಸ್ನಾಯು ಕಟ್ಟುವ ಯೋಗವಿಲ್ಲವೆಂದುಕೊಳ್ಳುತ್ತಾನೆ. ಅವನ ಮನೆಯಲ್ಲೇ ಇರುವ ಶೇಂಗಾ, ಹುರುಳಿ, ಕಡಲೆ, ಹಾಲು, ಮೊಟ್ಟೆ ಅದೇ ಕೆಲಸ ಮಾಡಬಲ್ಲವು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಪುಡಿಯ ಬಗ್ಗೆ ನನ್ನ ನಿಲುವು ಸ್ಪಷ್ಟ. ಅದು ವಿಷವಲ್ಲ, ಹಾಲಿನಿಂದ ಬಂದ ಆಹಾರವೇ. ಆದರೆ ಅನಿವಾರ್ಯವೂ ಅಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿದಾಗ ಸುಮಾರು ಶೇ. 70ರಷ್ಟರಲ್ಲಿ ಡಬ್ಬಿಯ ಮೇಲೆ ಬರೆದ ಪ್ರೋಟೀನ್ ಪ್ರಮಾಣ ಸರಿಯಾಗಿರಲಿಲ್ಲ. ಅದೇ ವರ್ಷ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ ಮೈ ಬೆಳೆಸಲು ಇಂಥ ಪುಡಿಗಳನ್ನು ಬಳಸಬೇಡಿ ಎಂದಿತು. ಆ ಎಚ್ಚರಿಕೆ ಸರಿ. ಅಷ್ಟೇ ಗಟ್ಟಿಯಾಗಿ ಬೇಳೆಯ ಪಾಲು ಹೆಚ್ಚಿಸುವ ದಾರಿಯನ್ನೂ ಹೇಳಬೇಕು. ಮೇಲೆ ಹೇಳಿದ ಯುವಕನ ದಿನಕ್ಕೆ 50 ಗ್ರಾಂ ಸೋಯಾ ಉಂಡೆ, ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು, ಇನ್ನೊಂದು 30 ಗ್ರಾಂ ಕಾಳು ಸೇರಿದರೆ 45 ಗ್ರಾಂ ಹೆಚ್ಚುತ್ತದೆ, ಮೊತ್ತ 90 ದಾಟುತ್ತದೆ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ಇದು ಇನ್ನೂ ಸುಲಭ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಇದೆಲ್ಲ ತೋಳು, ಎದೆ ತೋರಿಸಿಕೊಳ್ಳುವವರ ಗೋಜು, ನಮಗೇಕೆ ಎನ್ನುವ ಓದುಗರಿಗೆ ಒಂದು ಚಿತ್ರದ ಬಗ್ಗೆ ಹೇಳಬೇಕು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳನ್ನು ಅಳೆದಾಗ ಈ ಮಾದರಿ ಹುಟ್ಟಿನಿಂದಲೇ ಇರುವುದು ಕಂಡಿತು: ತೂಕ ಕಡಿಮೆ, ತೋಳಿನ ಸ್ನಾಯು ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. ಊಟದ ನಂತರ ರಕ್ತದ ಸಕ್ಕರೆಯನ್ನು ಅತಿ ಹೆಚ್ಚಾಗಿ ಹೀರಿಕೊಳ್ಳುವ ಅಂಗ ಸ್ನಾಯು. ಅದು ಕಡಿಮೆಯಿದ್ದರೆ ಸಕ್ಕರೆ ಕಾಯಿಲೆಗೆ ದಾರಿ ಹತ್ತಿರ. ಭಾರ ಎತ್ತುವುದು, ಅದಕ್ಕೆ ತಕ್ಕಂತೆ ಉಣ್ಣುವುದು ನಮ್ಮ ಜನಕ್ಕೆ ಚಂದದ ಪ್ರಶ್ನೆಗಿಂತ ಮೊದಲು ಆರೋಗ್ಯದ ಪ್ರಶ್ನೆ.

ಇನ್ನು ಕೊಬ್ಬಿನ ಕಡೆಯ ಗಡಿಯಾರ. ಸಂಜೆ ಏಳರಿಂದ ಎಂಟೂವರೆಯವರೆಗೆ ಜಿಮ್‌ನಲ್ಲಿದ್ದು ಒಂಬತ್ತೂವರೆಗೆ ಮನೆ ಸೇರುವವರು ಬೆಂಗಳೂರಿನಲ್ಲಿ ಸಾವಿರಾರು. ರಾತ್ರಿ ಉಂಡರೆ ಬೊಜ್ಜು ಎಂಬ ಹೆದರಿಕೆಯಿಂದ ಎರಡು ಬಾಳೆಹಣ್ಣು ತಿಂದು ಮಲಗುವವರು ಅವರಲ್ಲಿ ಇದ್ದಾರೆ. 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ಊಟವನ್ನೆಲ್ಲ ಸಂಶೋಧಕರೇ ಒದಗಿಸಿದ ಪ್ರಯೋಗವೊಂದರಲ್ಲಿ, ದಿನದ ದೊಡ್ಡ ಊಟವನ್ನು ಬೆಳಗ್ಗೆ ಉಂಡಾಗಲೂ ರಾತ್ರಿ ಉಂಡಾಗಲೂ ಇಳಿದ ತೂಕ ಒಂದೇ. ಬೆಳಗ್ಗೆ ಹೆಚ್ಚು ಉಂಡಾಗ ಹಸಿವು ಕಡಿಮೆಯಿತ್ತು, ಅದು ಲಾಭವೇ. ಆದರೆ ರಾತ್ರಿಯ ಅನ್ನಕ್ಕೆ ಬೊಜ್ಜಾಗುವ ವಿಶೇಷ ಗುಣವೇನೂ ಇರಲಿಲ್ಲ. ಭಾರ ಎತ್ತಿದ ಸ್ನಾಯು ಆ ಹೊತ್ತಿಗೆ ಸಕ್ಕರೆಯನ್ನು ಬೇಗ ಎಳೆದುಕೊಳ್ಳುತ್ತದೆ ಎಂಬುದನ್ನೂ ನೆನೆಯಬೇಕು. ಮಾಸ್ಟ್ರಿಕ್ಟ್‌ನಲ್ಲಿ 2012ರಲ್ಲಿ ಸಂಜೆ ವ್ಯಾಯಾಮ ಮಾಡಿ ಮಲಗುವ ಮುಂಚೆ 40 ಗ್ರಾಂ ಹಾಲಿನ ಪ್ರೋಟೀನ್ ಕುಡಿದವರಲ್ಲಿ ರಾತ್ರಿಯಿಡೀ ಸ್ನಾಯು ಕಟ್ಟುವ ವೇಗ ಸುಮಾರು ಶೇ. 22ರಷ್ಟು ಹೆಚ್ಚಿತ್ತು. ದಿನದ ಒಟ್ಟು ಆಹಾರ ಮಿತಿಯಲ್ಲಿದ್ದರೆ ರಾತ್ರಿ ಹತ್ತಕ್ಕೆ ಉಂಡ ಮುದ್ದೆ, ಸೊಪ್ಪಿನ ಸಾರು, ಮೊಸರಿಗೆ ಹೆದರಬೇಕಾಗಿಲ್ಲ. ಹೊಟ್ಟೆ ಭಾರವಾಗಿ ನಿದ್ದೆ ಕೆಡುವಷ್ಟು ಉಣ್ಣುವುದು ಬೇರೆ ಮಾತು.

ನಿದ್ದೆಯ ಮಾತಂತೂ ಊಟದ ನಿಮಿಷಗಳಿಗಿಂತ ಎಷ್ಟೋ ತೂಕದ್ದು. 2010ರಲ್ಲಿ ಶಿಕಾಗೋದಲ್ಲಿ, ತೂಕ ಇಳಿಸುತ್ತಿದ್ದ ಹತ್ತು ಮಂದಿಯನ್ನು ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ಆಹಾರ ಒಂದೇ, ಇಳಿದ ತೂಕವೂ ಹೆಚ್ಚುಕಡಿಮೆ ಒಂದೇ. ನಿದ್ದೆ ಕಡಿಮೆಯಾದಾಗ ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕೆಳಗೆ ಬಿತ್ತು, ಸ್ನಾಯು ಸೇರಿದಂತೆ ಉಳಿದ ಅಂಗಾಂಶದ ನಷ್ಟ ಹೆಚ್ಚಿತು. ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದು ಜಿಮ್‌ಗೆ ಓಡುವವರು ಅರ್ಧ ಗಂಟೆಯ ಶೇಕಿನಿಂದ ಈ ನಷ್ಟ ತುಂಬಿಕೊಳ್ಳಲಾರರು.

ಹಾಗಾದರೆ ಹೊತ್ತು ನೋಡಿ ಉಣ್ಣಬೇಕಾದವರು ಯಾರೂ ಇಲ್ಲವೇ? ಇದ್ದಾರೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಭಾರ ಎತ್ತುವವರು ಮೊದಲನೆಯವರು. ಅವರ ಸ್ನಾಯು ಹತ್ತು ಗಂಟೆಯ ಉಪವಾಸದಲ್ಲಿದೆ, ಒಡೆಯುವ ಕೆಲಸ ಮುಂದಿದೆ. ಅಂಥವರು ಕಾಫಿ ಕುಡಿದು ಹನ್ನೊಂದರವರೆಗೆ ಕಾಯದೆ ಒಂದೆರಡು ಗಂಟೆಯೊಳಗೆ ಗಟ್ಟಿ ತಿಂಡಿ ತಿನ್ನುವುದು ಒಳ್ಳೆಯದು. ಎರಡನೆಯವರು ಹಿರಿಯರು. ವಯಸ್ಸಾದ ಸ್ನಾಯು ಸಣ್ಣ ತುತ್ತಿಗೆ ಸ್ಪಂದಿಸುವುದಿಲ್ಲ. ಯುವಕರಿಗೆ ಒಂದು ಊಟದಲ್ಲಿ ಕಿಲೋಗೆ 0.24 ಗ್ರಾಂ ಪ್ರೋಟೀನ್ ಸಾಕಾದರೆ ಎಪ್ಪತ್ತರವರಿಗೆ 0.4 ಗ್ರಾಂ ಬೇಕಾಗುತ್ತದೆ ಎಂದು 2015ರ ಲೆಕ್ಕವೊಂದು ಹೇಳುತ್ತದೆ. ಅರವತ್ತು ಕಿಲೋ ತೂಕದ ಅಜ್ಜನಿಗೆ ಒಂದೊಂದು ಊಟಕ್ಕೂ 24 ಗ್ರಾಂ. ರಾತ್ರಿ ಎರಡು ಬಿಸ್ಕತ್ತು, ಅರ್ಧ ಲೋಟ ಹಾಲಿನಲ್ಲಿ ಊಟ ಮುಗಿಸುವ ನಮ್ಮ ಹಿರಿಯರಿಗೆ ಇದು ತುರ್ತು ವಿಷಯ. ರಂಜಾನ್ ಉಪವಾಸ ಹಿಡಿದವರು ಇಲ್ಲಿ ಸಮಾಧಾನ ಪಡಬಹುದು. ಟುನೀಶಿಯಾದ ದೇಹದಾರ್ಢ್ಯ ಪಟುಗಳಲ್ಲಿ ಇಫ್ತಾರ್‌ಗೆ ಮುಂಚೆ ಉಪವಾಸದಲ್ಲೇ ಭಾರ ಎತ್ತಿದವರಿಗೂ ಉಂಡ ಮೇಲೆ ರಾತ್ರಿ ಎತ್ತಿದವರಿಗೂ ತಿಂಗಳ ಕೊನೆಯಲ್ಲಿ ಸ್ನಾಯು, ಕೊಬ್ಬಿನಲ್ಲಿ ಅಂತರ ಕಾಣಲಿಲ್ಲ.

ಮೂರನೆಯದು ಎಲ್ಲರಿಗೂ ಅನ್ವಯಿಸುವ ಮಾತು, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು: ಬೆಳಗಿನ ತಿಂಡಿ. 2020ರಲ್ಲಿ ಜಪಾನಿನಲ್ಲಿ ಭಾರ ಎತ್ತುತ್ತಿದ್ದ ಯುವಕರಿಗೆ ದಿನದ ಒಟ್ಟು ಪ್ರೋಟೀನ್ ಕಿಲೋಗೆ ಸುಮಾರು 1.3 ಗ್ರಾಂ ಇರುವಂತೆ ನೋಡಿಕೊಂಡು ಹಂಚಿಕೆಯನ್ನಷ್ಟೇ ಬದಲಿಸಿದರು. ಒಂದು ಗುಂಪಿಗೆ ಮೂರೂ ಊಟದಲ್ಲಿ ಸಮನಾಗಿ, ಇನ್ನೊಂದಕ್ಕೆ ಬೆಳಗ್ಗೆ ತೀರಾ ಕಡಿಮೆ, ರಾತ್ರಿ ಹೆಚ್ಚು. ಹನ್ನೆರಡು ವಾರಗಳ ನಂತರ ಸಮನಾಗಿ ತಿಂದವರ ಸ್ನಾಯು ಹೆಚ್ಚು ಬೆಳೆಯುವತ್ತ ವಾಲಿತ್ತು. ಅಂತರ ಗಡಿರೇಖೆಯದು, ಪ್ರಯೋಗ ಸಣ್ಣದು, ಹೆಚ್ಚು ಹೊರೆ ಹೊರಿಸಬಾರದು. ಆದರೂ ಇಡ್ಲಿ, ಚಿತ್ರಾನ್ನ, ಅವಲಕ್ಕಿಯ ನಮ್ಮ ಬೆಳಗನ್ನು ಆ ಜಪಾನೀ ಯುವಕರ ಎರಡನೆಯ ಗುಂಪಿನ ಬೆಳಗು ಬಹಳ ಹೋಲುತ್ತದೆ. ಊಟದ ಹೊತ್ತಿನ ಬಗ್ಗೆ ಯೋಚಿಸಬೇಕಿದ್ದರೆ ಜಿಮ್ ನಂತರದ ಮೂವತ್ತು ನಿಮಿಷಕ್ಕಿಂತ ಬೆಳಗಿನ ಎಂಟು ಗಂಟೆ ಹೆಚ್ಚು ಫಲ ಕೊಡುವ ಜಾಗ. ಅಡೈ, ಹೆಸರುಬೇಳೆ ದೋಸೆ, ಉಸಲಿ, ಕಾಳು ಹಾಕಿದ ಪಲ್ಯ, ಮೊಟ್ಟೆ, ಇವೆಲ್ಲ ನಮಗೆ ಹೊಸವಲ್ಲ.

ಮೇಲೆ ಹೆಸರಿಸಿದ ಪ್ರಯೋಗಗಳಲ್ಲಿ ಬಹುಪಾಲು ಗಂಡಸರ ಮೇಲೆ ನಡೆದವು. ನಮ್ಮ ಮನೆಗಳಲ್ಲಿ ಹೆಂಗಸರ ಊಟದ ಹೊತ್ತನ್ನು ಗಡಿಯಾರವಲ್ಲ, ಸರದಿ ತೀರ್ಮಾನಿಸುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ಪಾಲಿಗೆ ಅನ್ನ ಉಳಿದಿರುತ್ತದೆ, ಹುಳಿಯ ತಳದಲ್ಲಿ ಬೇಳೆ ಉಳಿದಿರುವುದು ಅಪರೂಪ. ನಲವತ್ತೈದರ ನಂತರ ಮೂಳೆ, ಸ್ನಾಯು ಎರಡೂ ಸವೆಯುವ ಪ್ರಾಯದಲ್ಲಿ ಭಾರ ಎತ್ತುವ ವ್ಯಾಯಾಮ ಅವಳಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಈಗ ಅನೇಕ ಹೆಂಗಸರು ಜಿಮ್‌ಗೆ ಬರುತ್ತಿರುವುದು ಸಂತೋಷದ ಸಂಗತಿ. ಅವರಿಗೆ ಶೇಕರ್ ಹಿಡಿಸುವುದಕ್ಕಿಂತ ಮನೆಯವರೊಂದಿಗೆ ಒಟ್ಟಿಗೆ ಕುಳಿತು ಸಮಪಾಲು ಉಣ್ಣುವಂತೆ ಮಾಡುವುದು ದೊಡ್ಡ ಬದಲಾವಣೆ. ಅದು ಅವಳೊಬ್ಬಳ ಕೈಯಲ್ಲಿಲ್ಲ.

ಗಡುವು ಇದ್ದರೆ ಶಿಸ್ತು ಬರುತ್ತದೆ, ಆ ನೆಪದಲ್ಲಾದರೂ ಹುಡುಗರು ಪ್ರೋಟೀನ್ ತಿನ್ನುತ್ತಾರೆ, ಇರಲಿ ಬಿಡಿ ಎಂದು ಕೆಲವು ಅನುಭವಿ ತರಬೇತುದಾರರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಜಿಮ್ ಮುಗಿದ ಮೇಲೆ ಉಣ್ಣುವ ಅಭ್ಯಾಸ ಒಳ್ಳೆಯದೇ. ಆದರೆ ಸುಳ್ಳು ಗಡುವಿನ ಮೇಲೆ ನಿಂತ ಶಿಸ್ತು ಗಡುವು ತಪ್ಪಿದ ದಿನ ಕುಸಿಯುತ್ತದೆ. ತಡವಾಯಿತು, ಇನ್ನೇನು ಪ್ರಯೋಜನ ಎಂದು ಆ ದಿನದ ಪ್ರೋಟೀನನ್ನೇ ಬಿಟ್ಟುಬಿಡುವವರಿದ್ದಾರೆ. ನಿಜ ಹೇಳಿದರೆ ಅವರು ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತಾರೆ.

ಆದ್ದರಿಂದ ತರಬೇತುದಾರರಲ್ಲಿ ಒಂದು ಕೋರಿಕೆ. ಹೊಸದಾಗಿ ಸೇರಿದವರಿಗೆ ಶೇಕ್ ತಂದಿದ್ದೀರಾ ಎಂದು ಕೇಳುವ ಮೊದಲು, ನಿನ್ನೆ ಬೆಳಗಿನಿಂದ ಏನೇನು ಉಂಡಿರಿ ಎಂದು ಕೇಳಿ. ಓದುಗರಿಗೂ ಅದೇ ಮಾತು. ಡಬ್ಬಿ ಕೊಳ್ಳುವ ಮೊದಲು ಮೂರು ದಿನ ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬೆಳಗಿನ ಸಾಲಿನಲ್ಲಿ ಬೇಳೆ, ಕಾಳು, ಹಾಲು, ಮೊಟ್ಟೆ ಯಾವುದೂ ಇಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.